ಮೊದಲ ಗುಟುಕು

"ಬುದ್ಧಿ, ಆಡಿದ ಮಾತನ್ನ ಹಿಂದಕ್ಕೆ ತಗೊಳ್ಳೋದು ಹೆಂಗೆ?"

ಕೊಟ್ರಯ್ಯ ಇದನ್ನು ಕೇಳಿದಾಗ ಬೆಳಗಿನ ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸದೆ, "ಯಾವ ಮಾತು?" ಎಂದರು.

ಕೊಟ್ರಯ್ಯ ಹೇಳಿದ. ಬೆಳಿಗ್ಗೆ ಜೋಳಿಗೆ ಹಿಡಿದು ಊರಿನ ಓಣಿಗಳಲ್ಲಿ ಭಿಕ್ಷೆ ಬೇಡಿ ತರುವುದು ಮಠದಲ್ಲಿ ಅವನ ಪಾಲಿನ ಕೆಲಸ. ಹೋದ ಬೇಸಿಗೆಯಲ್ಲಿ ಒಂದು ದಿನ ಜೋಳಿಗೆಯ ಅನ್ನವೆಲ್ಲ ಹಳಸಿ ವಾಸನೆ ಹೊಡೆಯಿತು. ಆ ದಿನ ಕಡೆಯಲ್ಲಿ ನೀಡಿದವಳು ಓಣಿಯ ತುದಿಯ ಮನೆಯ ಹಾಲವ್ವ. "ಹಾಲವ್ವ ಹಳಸಿದ್ದು ನೀಡ್ತಾಳೆ" ಎಂದು ಇವನು ಬಾವಿಕಟ್ಟೆಯಲ್ಲಿ ಅಂದುಬಿಟ್ಟ. ಮರುದಿನದಿಂದ ಆ ಮನೆಯ ಮುಂದೆ ನಿಲ್ಲಲಿಲ್ಲ. ಮಠದ ಜೋಳಿಗೆ ನಿಲ್ಲದ ಮನೆಯ ಮಜ್ಜಿಗೆಯನ್ನು ಊರಿನವರೂ ಮುಟ್ಟದೆ ಹೋದರು. ಹಾಲವ್ವ ಮಾತ್ರ ಇಂದಿಗೂ ಹೊತ್ತಿಗೆ ಸರಿಯಾಗಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಇವನು ತಲೆ ತಗ್ಗಿಸಿ ಮುಂದಕ್ಕೆ ಹೋಗುತ್ತಾನೆ.

ಮೊನ್ನೆ ಮತ್ತೆ ಅನ್ನ ಹಳಸಿತು. ಅದರಲ್ಲಿ ಹಾಲವ್ವನ ಮನೆಯದು ಒಂದು ಅಗುಳೂ ಇರಲಿಲ್ಲ. ಕೊಟ್ರಯ್ಯ ಜೋಳಿಗೆಯನ್ನು ಹೊರಳಿಸಿ ಒಳಮಗ್ಗುಲು ನೋಡಿದ. ಹೊಲಿಗೆಯ ಸಂದಿಯಲ್ಲಿ ಎಂದಿನದೋ ಅನ್ನ ಬೂಷ್ಟು ಹಿಡಿದು ಕುಳಿತಿತ್ತು.

"ಈಗ ಏನು ಮಾಡಬೇಕು ಅಂತೀಯ?"

"ಒಂದು ಶಾಲು ತಂದೀನಿ, ಬುದ್ಧಿ. ಹುಣ್ಣಿಮೆ ದಿನ ನಾಲ್ಕು ಜನರ ಮುಂದೆ ಹಾಲವ್ವಗೆ ಹೊದಿಸಿ, ಬುಟ್ಟಿ ಹಣ್ಣು ಕೊಟ್ಟು, ಒಳ್ಳೆ ಮಾತಾಡಬೇಕು ಅಂತ ಮಾಡೀನಿ. ಮಾತನ್ನ ಬಾಯಿಪಾಠ ಮಾಡ್ತಿದೀನಿ. ಅಷ್ಟೊತ್ತಿಗೆ ನನ್ನ ಮನಸ್ಸೂ ತಿಳಿ ಆಗ್ತದೆ."

"ಶಾಲು ಯಾವ ಬಣ್ಣದ್ದು?"

"ಕೇಸರಿ. ಅಂಚು ಜರಿ."

"ಭಾರಿ ಆಯಿತು" ಎಂದರು ಗುರುಗಳು. "ಕುಳಿತುಕೋ. ಒಂದು ಹೆಂಡದ ಕತೆ ಹೇಳುತ್ತೇನೆ."

ಕೊಟ್ರಯ್ಯ ಸುತ್ತಮುತ್ತ ನೋಡಿದ. "ಮಠದಾಗ ಕುಂತು ಹೆಂಡದ ಕತೇನಾ, ಬುದ್ಧಿ?"

"ಕುಡಿ ಎಂದು ಹೇಳಲಿಲ್ಲವಲ್ಲ. ಕೇಳು ಎಂದೆ. ಕೈ ಸುಮ್ಮನೆ ಇಡಬೇಡ, ಕಾಯಿ ಸುಲಿ."

ಕೊಟ್ರಯ್ಯ ಕುಳಿತು ಮಡಿಲಿಗೆ ಅವರೆಕಾಯಿ ಎಳೆದುಕೊಂಡ. ಗುರುಗಳು ಹೇಳತೊಡಗಿದರು.

ನಾನು ವಯಸ್ಸಿನಲ್ಲಿದ್ದಾಗ ಹಿಮಾಲಯದ ಮೂಡಣ ಸೀಮೆಯಲ್ಲಿ ಅಲೆದವನು. ಒಂದು ಊರಿನಲ್ಲಿ ಕಾಲು ನೋವಾಗಿ ತಿಂಗಳುಗಟ್ಟಲೆ ನಿಲ್ಲಬೇಕಾಯಿತು. ಗುಡ್ಡದ ಮೈಗೆ ಮೆಟ್ಟಿಲು ಕಡಿದು ಅಲ್ಲಿ ರಾಗಿ ಬೆಳೆಯುತ್ತಾರೆ. ನಮ್ಮ ರಾಗಿಯೇ, ಬೇರೆಯಲ್ಲ. ನಾವು ಮುದ್ದೆ ಕಟ್ಟುತ್ತೇವೆ. ಅವರು ಅದನ್ನು ಬೇಯಿಸಿ, ಚಾಪೆಯ ಮೇಲೆ ಹರವಿ ಆರಿಸಿ, ಕಾಡಿನ ಬೇರು ಸೊಪ್ಪು ಅರೆದು ಮಾಡಿದ ಹೆಪ್ಪಿನ ಬಿಲ್ಲೆಯನ್ನು ಪುಡಿ ಮಾಡಿ ಬೆರೆಸುತ್ತಾರೆ. ಗಡಿಗೆಗೆ ತುಂಬಿ ಬಾಯಿ ಕಟ್ಟಿ ಮೂಲೆಯಲ್ಲಿ ಇಡುತ್ತಾರೆ. ಆಮೇಲೆ ಅದನ್ನು ಮರೆತುಬಿಡಬೇಕು. ಮರೆತಷ್ಟೂ ಅದು ಬಲಿಯುತ್ತದೆ.

ಮನೆಗೆ ಯಾರಾದರೂ ಬಂದರೆ ಆ ಬಲಿತ ರಾಗಿಯನ್ನು ಒಂದು ಮರದ ಪಾತ್ರೆಗೆ ಹಾಕಿ ಮೇಲೆ ಬಿಸಿನೀರು ಹೊಯ್ಯುತ್ತಾರೆ. ತೆಳ್ಳನೆಯ ಬಿದಿರಿನ ಕೊಳವೆ ಇಟ್ಟು ಹೀರಬೇಕು. ನೀರು ಮುಗಿದರೆ ಮತ್ತೆ ಬಿಸಿನೀರು. ಕಾಳಿನಲ್ಲಿ ಸಾರ ಇರುವ ತನಕ ಹೀಗೆ ನಡೆಯುತ್ತದೆ. ಅದಕ್ಕೆ ತೋಂಗ್ಬಾ ಎಂದು ಹೆಸರು.

"ತಾವೂ..." ಎಂದು ಕೊಟ್ರಯ್ಯ ಅರ್ಧಕ್ಕೆ ನಿಲ್ಲಿಸಿದ.

ನನಗೆ ಬರಿಯ ಬಿಸಿನೀರು ಕೊಡುತ್ತಿದ್ದರು. ನಂಬುವುದಾದರೆ ನಂಬು, ಇಲ್ಲದಿದ್ದರೆ ಬಿಡು. ಈಗ ಮಧ್ಯದಲ್ಲಿ ಬಾಯಿ ಹಾಕಬೇಡ.

ಆ ಊರಿನಲ್ಲಿ ಎರಡು ಕಟ್ಟಳೆಗಳಿದ್ದವು. ಒಬ್ಬರ ಹೊಲದ ಕೊಯ್ಲಿಗೆ ಊರಿನವರೆಲ್ಲ ಹೋಗುವುದು ಒಂದು. ನಮ್ಮಲ್ಲಿ ಮುಯ್ಯಾಳು ಎನ್ನುತ್ತೇವಲ್ಲ, ಹಾಗೆ. ಕೂಲಿ ಇಲ್ಲ. ಮಧ್ಯಾಹ್ನ ಆ ಹೊಲದವರ ಅಂಗಳದಲ್ಲಿ ಕುಳಿತು ಅವರ ಗಡಿಗೆಯದನ್ನು ಕುಡಿಯಬೇಕು. ಕುಡಿಯದೆ ಕೊಯ್ದರೆ ಅದು ಮುಯ್ಯಿ ಅಲ್ಲ, ಅವಮಾನ. ಇನ್ನೊಂದು ಕಟ್ಟಳೆ ಮೊದಲ ಗುಟುಕಿನದು. ಕೊಡುವವರು ತಾವು ಮೊದಲು ಒಂದು ಗುಟುಕು ಹೀರಿ, ಆಮೇಲೆ ಪಾತ್ರೆಯನ್ನು ಅತಿಥಿಯ ಕೈಗೆ ಕೊಡಬೇಕು. ಇದರಲ್ಲಿ ಏನೂ ಬೆರೆಸಿಲ್ಲ, ನೋಡಿ, ನಾನೇ ಕುಡಿದೆ ಎಂದು ಅದರ ಅರ್ಥ. ಯಾಕೆಂದರೆ ಅವರಿಗೆ ಒಂದು ಹಳೆಯ ಭಯವಿತ್ತು. ಕೆಲವು ಮನೆಗಳಲ್ಲಿ ಕುಡಿಯುವುದರೊಳಗೆ ವಿಷ ಇಡುತ್ತಾರೆ, ಸತ್ತವನ ಅದೃಷ್ಟ ಇಟ್ಟವರಿಗೆ ಸೇರುತ್ತದೆ ಎಂಬ ಭಯ. ಇಟ್ಟವರನ್ನು ಕಂಡವರು ಯಾರೂ ಇರಲಿಲ್ಲ. ಭಯ ಮಾತ್ರ ಗಟ್ಟಿಮುಟ್ಟಾಗಿತ್ತು. ಹೆತ್ತ ತಾಯಿಯ ಮನೆಯಲ್ಲಿ ಮಾತ್ರ ಈ ಗುಟುಕು ಇಲ್ಲ. ತಾಯಿಯ ಕೈಯಿಂದ ನೇರವಾಗಿ ಕುಡಿಯುತ್ತಾರೆ.

ಅಲ್ಲಿ ಒಬ್ಬ ರೈತನಿದ್ದ. ನಾನು ಹೋಗುವ ಮೊದಲು ನಡೆದದ್ದನ್ನೆಲ್ಲ ಊರಿನವರ ಬಾಯಿಂದ ಕೇಳಿದೆ. ಒಳ್ಳೆಯವನು. ಅವನ ನಾಲಿಗೆ ಆ ಗುಡ್ಡಕ್ಕೆಲ್ಲ ಹೆಸರಾಗಿತ್ತು. ಗಡಿಗೆಯ ಬಾಯಿ ಬಿಚ್ಚಿದ ಕೂಡಲೇ ಮೂಸಿ, ಇದು ಯಾರ ಮನೆಯ ಹೆಪ್ಪು, ಯಾವ ಹೊಲದ ರಾಗಿ ಎಂದು ಹೇಳಿಬಿಡುತ್ತಿದ್ದ. ಅವನು ಚೆನ್ನಾಗಿದೆ ಎಂದರೆ ಆ ಮನೆಯ ಹೆಂಗಸು ವರ್ಷವಿಡೀ ಎದೆಯುಬ್ಬಿಸಿ ನಡೆಯುತ್ತಿದ್ದಳು. ಅವನಲ್ಲಿ ಒಂದೇ ಒಂದು ಕೆಟ್ಟ ಚಾಳಿ. ತನ್ನ ಮನೆಯ ಗಡಿಗೆ ಬಲಿಯುವ ತನಕ ತಡೆಯುವುದು ಅವನ ಕೈಲಾಗುತ್ತಿರಲಿಲ್ಲ. ಹೋಗಿ ಬಾಯಿ ಬಿಚ್ಚುವುದು, ಮೂಸುವುದು, ಒಂದು ಹಿಡಿ ಹಸಿ ಕಾಳು ಬಾಯಿಗೆ ಹಾಕಿಕೊಳ್ಳುವುದು. ಅವನ ಹೆಂಡತಿ ಬೈದೂ ಬೈದೂ ಸಾಕಾಗಿದ್ದಳು.

ಊರಿನ ಕೆಳಗಡೆ, ದಾರಿಯ ಪಕ್ಕದಲ್ಲೇ, ಒಬ್ಬ ವಿಧವೆಯ ಮನೆ. ಒಂಟಿ ಹೆಂಗಸು. ಒಂದು ಸುಗ್ಗಿಯಲ್ಲಿ ಅವಳ ಹೊಲಕ್ಕೆ ಎಲ್ಲರೂ ಕೊಯ್ಲಿಗೆ ಹೋದರು. ರೈತನೂ ಹೋದ. ಮಧ್ಯಾಹ್ನ ಎಲ್ಲರೊಡನೆ ಕುಡಿದ. ಸಂಜೆ ಮನೆಗೆ ಬಂದ ಮೇಲೆ ಅವನಿಗೆ ಹೊಟ್ಟೆ ಹಿಂಡಿ, ವಾಂತಿಯಾಗಿ, ಪ್ರಾಣ ಹೋಗಿ ಬಂದಂತಾಯಿತು. ಎರಡು ದಿನ ಎದ್ದೇಳಲಿಲ್ಲ. ಮೂರನೆಯ ದಿನ ನೀರಿನ ಹತ್ತಿರ ಯಾರೋ, "ಎಲ್ಲಿ ಕಾಣಲೇ ಇಲ್ಲ?" ಎಂದು ಕೇಳಿದರು.

"ಆ ಕೆಳಗಿನ ಮನೆ ಗಡಿಗೆಯೊಳಗೆ ಬರೀ ರಾಗಿ ಇಲ್ಲ ಕಣಪ್ಪ" ಎಂದ ರೈತ.

ಅವರ ಭಾಷೆ ಬೇರೆ. ನನ್ನ ಬಾಯಲ್ಲಿ ನಮ್ಮ ಕಡೆಯ ಮಾತಾಗಿ ಬರುತ್ತದೆ. ಆದರೆ ಅವನು ಅಂದದ್ದು ಇಷ್ಟೆ. ಬೇರೆ ಯಾರೋ ಅಂದಿದ್ದರೆ ಗಾಳಿಗೆ ಹೋಗುತ್ತಿತ್ತು. ಆ ಗುಡ್ಡದಲ್ಲಿ ಎಲ್ಲರೂ ನಂಬುವ ನಾಲಿಗೆ ಅಂದದ್ದು. ಜೊತೆಗೆ ಕುಡಿದ ಉಳಿದವರಿಗೆ ಏನೂ ಆಗಿರಲಿಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಇವನ ಪಾತ್ರೆಗೆ ಮಾತ್ರ ಇಟ್ಟಿದ್ದಳು ಎಂದುಕೊಂಡರು. ಭಯ ತನಗೆ ಬೇಕಾದ ಲೆಕ್ಕ ತಾನೇ ಹಾಕಿಕೊಳ್ಳುತ್ತದೆ.

ಯಾರೂ ಆ ಹೆಂಗಸಿನ ಎದುರಿಗೆ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಅವಳು ಜಗಳವಾದರೂ ಆಡಬಹುದಿತ್ತು. ಮುಂದಿನ ಸುಗ್ಗಿ ಬಂತು. ಅವಳು ಮನೆಮನೆಗೆ ಹೋಗಿ ಕೊಯ್ಲಿಗೆ ಕರೆದಳು. ಒಬ್ಬನಿಗೆ ಹಲ್ಲುನೋವು, ಕುಡಿಯುವಂತಿಲ್ಲ. ಒಬ್ಬಳಿಗೆ ಹರಕೆ, ಹೊರಗಿನದು ಮುಟ್ಟುವಂತಿಲ್ಲ. ಇನ್ನೊಬ್ಬನ ಎಮ್ಮೆ ಈಯುವುದರಲ್ಲಿತ್ತು, ಆ ಎಮ್ಮೆ ಸುಗ್ಗಿ ಮುಗಿಯುವವರೆಗೂ ಈಯಲಿಲ್ಲ. ಎಲ್ಲರೂ ನಯವಾಗಿ ಮಾತಾಡಿದರು. ಯಾರೂ ಬರಲಿಲ್ಲ.

ಅವಳು ಒಬ್ಬಳೇ ಕುಡುಗೋಲು ಹಿಡಿದಳು. ಒಂಟಿ ಕೈಯಲ್ಲಿ ಎಷ್ಟು ಕೊಯ್ಯಲಾದೀತು? ಅರ್ಧ ಹೊಲ ಕೊಯ್ಯುವಷ್ಟರಲ್ಲಿ ಆಲಿಕಲ್ಲು ಬಿದ್ದು ಉಳಿದದ್ದೆಲ್ಲ ನೆಲಕ್ಕೆ ಉದುರಿತು. ಕೊಯ್ಲಿನವರಿಗೆಂದು ಬಾಯಿ ಕಟ್ಟಿಟ್ಟಿದ್ದ ಗಡಿಗೆ ಕಟ್ಟಿದ ಹಾಗೇ ಮೂಲೆಯಲ್ಲಿ ಉಳಿಯಿತು. ಇನ್ನೊಂದು ವರ್ಷ ಹೀಗೇ ಆದರೆ ಮನೆಗೆ ಬೀಗ ಹಾಕಿ ಕೆಳಗಿನ ಪೇಟೆಗೆ ಇಳಿದು ಯಾರದಾದರೂ ಪಾತ್ರೆ ತಿಕ್ಕಿ ಬದುಕುತ್ತೇನೆ ಎಂದು ಅವಳು ಊರಿನ ಮುಖಂಡನಿಗೆ ಹೇಳಿದಳು. ಮುಖಂಡ ನೆಲ ನೋಡಿದ. ನೆಲ ನೋಡುವುದರಲ್ಲಿ ಮುಖಂಡರು ಎಲ್ಲ ಕಡೆಯೂ ಒಂದೇ.

ಆ ಚಳಿಗಾಲದಲ್ಲಿ ರೈತನಿಗೆ ಮತ್ತೆ ಅದೇ ಹೊಟ್ಟೆನೋವು ಬಂತು. ಅದೇ ಹಿಂಡು, ಅದೇ ವಾಂತಿ. ಈ ಸಲ ಅವನು ಯಾರ ಮನೆಗೂ ಹೋಗಿರಲಿಲ್ಲ. ಹೆಂಡತಿ ಅವನ ತಲೆ ಹಿಡಿದುಕೊಂಡು, "ಬೆಳಿಗ್ಗೆ ಗಡಿಗೆ ಬಿಚ್ಚಿದ್ರಾ?" ಎಂದು ಕೇಳಿದಳು. ಬಿಚ್ಚಿದ್ದ. ಒಂದು ಹಿಡಿಯಲ್ಲ, ರುಚಿ ಹತ್ತಿ ಮೂರು ಹಿಡಿ ಹಸಿ ಕಾಳು ತಿಂದಿದ್ದ. "ಹೋದ ಸಲ ಆ ಕೆಳಗಿನ ಮನೆ ಕೊಯ್ಲಿಗೆ ಹೋಗೋ ಮುಂಚೆನೂ ಬಿಚ್ಚಿದ್ರಿ. ಬೇಡ ಬೇಡ ಅಂದೆ" ಎಂದಳು ಅವಳು.

ರೈತ ಗೋಡೆಯ ಕಡೆಗೆ ತಿರುಗಿ ಮಲಗಿದ. ಅವನಿಗೆ ಹೊಟ್ಟೆಗಿಂತ ಹೆಚ್ಚಾಗಿ ಬೇರೆಲ್ಲೋ ನೋಯುತ್ತಿತ್ತು. ಒಳ್ಳೆಯವನು ಅಂದೆನಲ್ಲ. ಮುಖಂಡನ ಹತ್ತಿರ ಹೋಗಿ ಎಲ್ಲ ಹೇಳಿದ. ಮುಖಂಡ, "ನನಗೆ ಹೇಳಿ ಏನು ಬಂತು? ಕಟ್ಟಳೆ ಗೊತ್ತಲ್ಲ, ಗಡಿಗೆ ಹೊತ್ತುಕೊಂಡು ಹೋಗು" ಎಂದ. ಆ ಸೀಮೆಯಲ್ಲಿ ತಪ್ಪು ಮಾಡಿದವನು ತನ್ನ ಮನೆಯ ಗಡಿಗೆಯನ್ನು ನೊಂದವರ ಬಾಗಿಲಿಗೆ ಹೊತ್ತುಕೊಂಡು ಹೋಗಬೇಕು. ಅವರು ಅದರಲ್ಲಿ ಕುಡಿದರೆ ಅಲ್ಲಿಗೆ ಮುಗಿಯಿತು. ಕುಡಿಯದಿದ್ದರೆ ಹೊತ್ತುಕೊಂಡು ವಾಪಸು ಬರಬೇಕು.

ರೈತನಿಗೆ ಹೋಗುವ ಮನಸ್ಸಿತ್ತು. ಆದರೆ ಇಂಥ ತಪ್ಪಿಗೆ ಸಾಧಾರಣ ಗಡಿಗೆ ಸಾಲದು ಎಂದುಕೊಂಡ. ತನ್ನ ಕೈಯಿಂದ ಈವರೆಗೆ ಬಾರದಂಥದ್ದು ಬರಬೇಕು, ಅದನ್ನು ಹೊತ್ತುಕೊಂಡು ಹೋಗಬೇಕು ಎಂದು ಹಟ ಹಿಡಿದ. ಆರಿಸಿ ಆರಿಸಿ ರಾಗಿ ತೆಗೆದ. ಹೊಸ ಗಡಿಗೆ ತಂದ. ಬಾಯಿ ಕಟ್ಟಿದ. ನಾಲ್ಕು ದಿನ ತಡೆದುಕೊಂಡ. ಐದನೆಯ ದಿನ, ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂದು ಬಿಚ್ಚಿ ಮೂಸಿದ. ಮತ್ತೆ ಕಟ್ಟಿದ. ಮತ್ತೆ ಬಿಚ್ಚಿದ. ಗಡಿಗೆ ಹುಳಿಯಾಯಿತು. ಚೆಲ್ಲಿದ. ಎರಡನೆಯದು ಹಾಕಿದ. ಅದೂ ಹಾಗೇ ಆಯಿತು. ಅಷ್ಟರಲ್ಲಿ ಮಳೆಗಾಲ ಬಂತು, ಆ ಹೆಂಗಸು ಒಬ್ಬಳೇ ಬಗ್ಗಿ ತನ್ನ ಹೊಲಕ್ಕೆ ಪೈರು ನೆಟ್ಟಳು. ಇವನು ಮೇಲಿನಿಂದ ನೋಡಿದ. ನೋಡಿ ಮನೆಗೆ ಬಂದು ಮೂರನೆಯ ಗಡಿಗೆ ಹಾಕಿದ.

ಅವನ ಹೆಂಡತಿಗೆ ಒಂದು ದಿನ ತಡೆಯದಾಯಿತು. "ನಿಮಗೆ ಬೇಕಾಗಿರೋದು ಕ್ಷಮೆನೋ, ಶಹಬ್ಬಾಸ್‌ಗಿರಿನೋ?" ಎಂದು ಕೇಳಿದಳು.

ಹೆಂಡತಿ ಗಡಿಗೆಯನ್ನು ಎತ್ತಿಕೊಂಡು ಹೋಗಿ ಎಲ್ಲಿಯೋ ಬಚ್ಚಿಟ್ಟಳು. ಅವಳು ಬಚ್ಚಿಟ್ಟದ್ದರಿಂದ ಅದು ಬಲಿಯಿತು.

ಸುಗ್ಗಿ ಬಂತು. ಕೆಳಗಿನ ಹೊಲದಲ್ಲಿ ರಾಗಿ ತೆನೆ ಬಾಗಿತು. ಆ ವರ್ಷ ಅವಳು ಯಾರ ಮನೆಗೂ ಕರೆಯಲು ಹೋಗಲಿಲ್ಲ. ಆಕಾಶದ ಒಂದು ಮೂಲೆ ಕಪ್ಪಾಗಿತ್ತು. ಹೆಂಡತಿ ಗಡಿಗೆ ತಂದು ರೈತನ ಮುಂದೆ ಇಟ್ಟಳು. ಅವನು ಬಾಯಿ ಬಿಚ್ಚಿ ಮೂಸಿದ. ಅವನ ಮುಖ ಅರಳಿತು. ಇಂಥದ್ದು ಆ ಗುಡ್ಡದಲ್ಲಿ ಹಿಂದೆ ಯಾರೂ ಮಾಡಿರಲಿಲ್ಲ. ಒಳ್ಳೆಯ ಬಟ್ಟೆ ಉಟ್ಟ. ಮುಖಂಡನನ್ನು ಜೊತೆಗೆ ಕರೆದುಕೊಂಡ. ಬೆಳಿಗ್ಗೆ ಜನ ಬೇರೊಬ್ಬರ ಹೊಲಕ್ಕೆ ಕೊಯ್ಲಿಗೆ ಹೊರಟ ಹೊತ್ತಿನಲ್ಲೇ ಗಡಿಗೆ ಹೊತ್ತು ಕೆಳಗಿಳಿದ. ಅವನ ಹೆಂಡತಿಯ ಹಿಂದೆ ನಾನೂ ಕುಂಟುತ್ತಾ ಹೋದೆ. ಇಂಥದ್ದನ್ನು ಬಿಡಲಾದೀತೆ?

ಆ ಹೆಂಗಸು ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದಳು. ರೈತ ಗಡಿಗೆಯನ್ನು ಅವಳ ಮುಂದೆ ಇಳಿಸಿ ಎಲ್ಲವನ್ನೂ ಹೇಳಿದ. ಹಸಿ ಕಾಳಿನ ಮಾತು, ಹೊಟ್ಟೆನೋವಿನ ಮಾತು, ನೀರಿನ ಹತ್ತಿರ ತಾನು ಅಂದ ಮಾತು. ಒಂದನ್ನೂ ಮುಚ್ಚಿಡಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು. ಕೊನೆಗೆ, "ಇದಕ್ಕಿಂತ ಒಳ್ಳೆಯದು ನನ್ನ ಕೈಯಲ್ಲಿ ಆಗಲ್ಲ. ಕುಡಿಯಿರಿ" ಎಂದ.

ಅವಳು ಗಡಿಗೆಯನ್ನು ಮುಟ್ಟಲಿಲ್ಲ. ಕೋಪ ಮಾಡಿಕೊಳ್ಳಲೂ ಇಲ್ಲ.

"ನಿಮ್ಮ ಗಡಿಗೆ ಚೆನ್ನಾಗಿರ್ತದೆ ಅಂತ ಊರಿಗೆಲ್ಲ ಗೊತ್ತಿದೆ" ಎಂದಳು. "ಕೆಟ್ಟ ಹೆಸರು ಬಂದಿರೋದು ನನ್ನ ಗಡಿಗೆಗೆ."

ಇಷ್ಟು ಹೇಳಿ ಮತ್ತೆ ಕುಡುಗೋಲು ಮಸೆಯತೊಡಗಿದಳು.

ರೈತ ನಿಂತೇ ಇದ್ದ. ತನ್ನ ಗಡಿಗೆಯನ್ನು ನೋಡಿದ, ಅವಳ ಕೈಯನ್ನು ನೋಡಿದ. ಒಂದು ವರ್ಷ ಅವನು ಅಷ್ಟೊಂದು ಕಷ್ಟಪಟ್ಟು ಏನು ಮಾಡಿದ್ದ? ಎಲ್ಲರಿಗೂ ಗೊತ್ತಿದ್ದ ತನ್ನ ಹೆಸರನ್ನೇ ಇನ್ನೊಮ್ಮೆ ತೊಳೆದು ಹೊಳೆಯಿಸಿ ತಂದಿದ್ದ. ಅದು ಅವನಿಗೆ ಅಲ್ಲಿ, ಆ ಅಂಗಳದಲ್ಲಿ ನಿಂತಾಗ ತಿಳಿಯಿತು. ಮುಖಂಡ ಅವನ ತೋಳು ಹಿಡಿದು, ಹೋಗೋಣ ಬಾ ಎಂದು ಎಳೆದ. ರೈತ ತೋಳು ಬಿಡಿಸಿಕೊಂಡ. ಅಂಗಳದ ನಡುವೆ, ದಾರಿಗೆ ಎದುರಾಗಿ, ಒಳ್ಳೆಯ ಬಟ್ಟೆ ಉಟ್ಟಿದ್ದವನು ನೆಲದ ಮೇಲೆ ಕುಳಿತ.

"ನಿಮ್ಮ ಗಡಿಗೆಯದು ಕೊಡಿ" ಎಂದ.

ಅವಳ ಕೈ ನಿಂತಿತು. "ಒಂದೇ ಗಡಿಗೆ ಇರೋದು. ಹೋದ ಸುಗ್ಗಿಗೆ ಅಂತ ಕಟ್ಟಿಟ್ಟಿದ್ದು. ಕೆಟ್ಟಿರಬಹುದು."

"ಇರಲಿ. ಕೊಡಿ."

ಅವಳು ಒಳಗೆ ಹೋದಳು. ಒಲೆ ಹಚ್ಚಿ ನೀರು ಕಾಯಿಸಿದಳು. ಹೊರಗೆ ಯಾರೂ ಅಲ್ಲಾಡಲಿಲ್ಲ. ಕೊಯ್ಲಿಗೆ ಹೊರಟವರು ಕೊಯ್ಲನ್ನೇ ಮರೆತು ದಾರಿಯುದ್ದಕ್ಕೂ ನಿಂತಿದ್ದರು. ಅವಳು ಮರದ ಪಾತ್ರೆ ತಂದು, ರಾಗಿ ತುಂಬಿ, ಬಿಸಿನೀರು ಹೊಯ್ದಳು. ಆಮೇಲೆ, ಕಟ್ಟಳೆಯಂತೆ, ಮೊದಲ ಗುಟುಕು ಹೀರಲು ಕೊಳವೆಗೆ ಬಾಯಿ ತಂದಳು.

ರೈತ ಕೈ ಚಾಚಿ ಕೊಳವೆಯ ತುದಿಯನ್ನು ಅಂಗೈಯಿಂದ ಮುಚ್ಚಿದ.

"ಬೇಡ. ನೀವು ಮೊದಲು ಕುಡಿಯಬೇಡಿ. ಹಾಗೇ ಕೊಡಿ."

ಕೊಟ್ರಯ್ಯ, ನಾನು ಎಷ್ಟೋ ಊರು ನೋಡಿದ್ದೇನೆ, ಎಷ್ಟೋ ದೊಡ್ಡವರ ಬಾಯಲ್ಲಿ ದೊಡ್ಡ ಮಾತು ಕೇಳಿದ್ದೇನೆ. ಅವೆಲ್ಲ ಮರೆತುಹೋಗಿವೆ, ಆ ಅಂಗೈ ಮಾತ್ರ ಮರೆತಿಲ್ಲ. ಆ ಊರಿನಲ್ಲಿ ಹೆತ್ತ ತಾಯಿಗಲ್ಲದೆ ಬೇರೆ ಯಾರಿಗೂ ಯಾರೂ ಹಾಗೆ ಹೇಳಿರಲಿಲ್ಲ. ಹೆಂಗಸಿನ ಕಣ್ಣು ತುಂಬಿತು. ಅವಳು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು.

ಅವನು ಹೀರಿದ. ಎಲ್ಲರೂ ಅವನ ಮುಖ ನೋಡಿದರು. ಮುಖಂಡ ಮೆಲ್ಲಗೆ, "ಹೆಂಗಿದೆ?" ಎಂದು ಕೇಳಿದ.

ರೈತ ನಾಲಿಗೆ ಚಪ್ಪರಿಸಿ ನೋಡಿದ. ಆ ನಾಲಿಗೆಗೆ ಸುಳ್ಳು ಹೇಳುವುದು ಗೊತ್ತಿರಲಿಲ್ಲ. "ಹುಳಿಯಾಗಿದೆ" ಎಂದ. "ಹೋದ ಸುಗ್ಗಿಯದಲ್ಲವಾ. ನಾವು ಬಂದಿದ್ದರೆ ಆಗಲೇ ಖರ್ಚಾಗ್ತಿತ್ತು." ಹೀಗೆಂದು ಪಾತ್ರೆಯನ್ನು ಅವಳ ಮುಂದೆ ಹಿಡಿದ. "ಇನ್ನೊಂದು ಸಲ ಬಿಸಿನೀರು ಹಾಕಿ."

ಅಮೃತದ ಹಾಗಿದೆ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ತಪ್ಪು ಮಾಡಿದವನು ಹೊಗಳುತ್ತಿದ್ದಾನೆ ಎಂದು ದಾರಿ ಹಿಡಿದು ಹೋಗಿಬಿಡುತ್ತಿದ್ದರು. ಹುಳಿಯಾಗಿದೆ ಎಂದವನು ಮತ್ತೆ ಮತ್ತೆ ನೀರು ಹಾಕಿಸಿಕೊಂಡು ಹೀರುತ್ತಲೇ ಕುಳಿತ. ಕಾಳಿನ ಸಾರವೆಲ್ಲ ಹೋಗಿ, ಬರಿಯ ಬಿಸಿನೀರು ಬರುವ ತನಕ ಏಳಲಿಲ್ಲ. ಅಷ್ಟೂ ಹೊತ್ತು ಜನ ಇವನು ಯಾವಾಗ ಬೀಳುತ್ತಾನೆ ಎಂದು ಕಾದರು. ಅವನು ಬೀಳಲಿಲ್ಲ. ಎದ್ದು, ಅವಳು ಮಸೆದಿಟ್ಟ ಕುಡುಗೋಲನ್ನು ತೆಗೆದುಕೊಂಡು, ಸ್ವಲ್ಪ ವಾಲುತ್ತಾ ಅವಳ ಹೊಲಕ್ಕೆ ಇಳಿದ.

ಮೊದಲು ಹೋದವಳು ಅವನ ಹೆಂಡತಿ. ಅವಳು ಅಂಗಳದಲ್ಲಿ ನಿಂತು, "ನನಗೂ ಹಾಕಮ್ಮ, ನನಗೂ ಮೊದಲ ಗುಟುಕು ಬೇಡ" ಎಂದು ಕುಡಿದು, ಮುಖ ಹಿಂಡಿ, ಗಂಡನ ಹಿಂದೆ ಹೋದಳು. ಆಮೇಲೆ ಹಲ್ಲುನೋವಿನವನು ಹಿಂದೆಮುಂದೆ ನೋಡಿ ದಾರಿ ಬಿಟ್ಟು ಅಂಗಳಕ್ಕೆ ಬಂದ. "ಇವತ್ತು ನನ್ನ ಹಲ್ಲು ಪರವಾಗಿಲ್ಲ" ಎಂದ. ಯಾರೋ ನಕ್ಕರು. ಆ ಹೆಂಗಸೂ ನಕ್ಕಳು. ಅವಳು ನಕ್ಕದ್ದನ್ನು ಕಂಡು ಉಳಿದವರಿಗೆ ಧೈರ್ಯ ಬಂತು. ಹರಕೆಯವಳ ಹರಕೆ ತೀರಿತು. ಎಮ್ಮೆಯವನು ಯಾರೂ ಕೇಳದಿದ್ದರೂ, ಎಮ್ಮೆ ಈದಿದೆ ಎಂದು ತಾನಾಗಿಯೇ ಹೇಳಿ ಪಾತ್ರೆಗೆ ಕೈ ಚಾಚಿದ. ಹುಳಿ ಎಂದು ಮುಖ ಕಿವುಚಿದರು, ಆದರೂ ಕುಡಿದರು. ಕೆಲವರಿಗೆ ಇನ್ನೂ ಭಯವಿತ್ತು, ಅವರು ಕಣ್ಣು ಮುಚ್ಚಿಕೊಂಡು ಕುಡಿದರು. ಭಯ ಒಂದೇ ದಿನಕ್ಕೆ ಹೋಗುವುದಿಲ್ಲ. ಅದು ಇದ್ದೂ ಕುಡಿಯಬಹುದು ಎಂದು ಅವರಿಗೆ ಅಂದು ಗೊತ್ತಾಯಿತು.

ಯಾರದೋ ಹೊಲಕ್ಕೆ ಹೊರಟಿದ್ದ ಕುಡುಗೋಲುಗಳೆಲ್ಲ ಅವಳ ಹೊಲಕ್ಕೆ ಇಳಿದವು. ನಾನು ಕುಂಟುಗಾಲಿನಲ್ಲಿ ಕಟ್ಟು ಹೊತ್ತೆ. ಕಪ್ಪಾಗಿದ್ದ ಮೂಲೆ ಇಡೀ ಆಕಾಶಕ್ಕೆ ಹರಡಿತು. ಸಂಜೆಗೆ ಆಲಿಕಲ್ಲು ಬಿತ್ತು, ಖಾಲಿ ಹೊಲದ ಮೇಲೆ ಬಿತ್ತು. ರಾಗಿಯೆಲ್ಲ ಮನೆಯೊಳಗಿತ್ತು.

ಎಲ್ಲರೂ ಅವಳ ಮಾಡಿನ ಕೆಳಗೆ ಒತ್ತಿಕೊಂಡು ಕುಳಿತಿದ್ದರು. ಆಗ ಅವಳಿಗೆ ರೈತನ ಗಡಿಗೆಯ ನೆನಪಾಯಿತು. ಅದು ಬೆಳಿಗ್ಗೆ ಇಳಿಸಿದ ಕಡೆಯಲ್ಲೇ ಆಲಿಕಲ್ಲಿಗೆ ನೆನೆಯುತ್ತಿತ್ತು. ಓಡಿಹೋಗಿ ಒಳಗೆ ತಂದಳು. ಬಾಯಿ ಬಿಚ್ಚಿ, ಪಾತ್ರೆಗೆ ಹಾಕಿ, ನೀರು ಹೊಯ್ದು, ಯಾರ ಮುಖವನ್ನೂ ನೋಡದೆ ಒಂದು ಗುಟುಕು ಹೀರಿದಳು. ಆ ಗುಟುಕಿನೊಡನೆ ಎಲ್ಲ ಮುಗಿಯಿತು. ರೈತ ಉಸಿರು ಹಿಡಿದು ಕಾಯುತ್ತಿದ್ದ. ಪಾಪ, ಚಾಳಿ ಎಲ್ಲಿ ಹೋಗುತ್ತದೆ?

"ಪರವಾಗಿಲ್ಲ" ಎಂದಳು ಅವಳು. "ಇನ್ನೊಂದು ಸ್ವಲ್ಪ ದಿನ ಬಿಡಬೇಕಿತ್ತು."

ಅವನ ಹೆಂಡತಿ ನಕ್ಕ ನಗೆಗೆ ಮಾಡು ಹಾರಿಹೋಗುವುದೊಂದು ಬಾಕಿ.

ಗುರುಗಳು ಕತೆ ಮುಗಿಸಿದರು. ಮೊರ ಖಾಲಿಯಾಗಿತ್ತು, ಬಟ್ಟಲು ತುಂಬಿತ್ತು. ಬಿಸಿಲು ಅಂಗಳಕ್ಕೆ ಇಳಿದು, ಗೂಟಕ್ಕೆ ನೇತುಹಾಕಿದ್ದ ಜೋಳಿಗೆಯ ಮೇಲೆ ಬಿದ್ದಿತ್ತು. ಕೊಟ್ರಯ್ಯ ಅದನ್ನು ನಿನ್ನೆ ಸೀಗೆಪುಡಿ ಹಾಕಿ ಉಜ್ಜಿ ತೊಳೆದಿದ್ದ. ಒಣಗಿ ಬೆಳ್ಳಗಾಗಿತ್ತು.

ಕೊಟ್ರಯ್ಯ ಕೈಯಲ್ಲಿದ್ದ ಸಿಪ್ಪೆಯನ್ನು ಬದಿಗೆ ಹಾಕಿದ. ಆಮೇಲೆ, "ಹುಣ್ಣಿಮೆ ಇನ್ನೂ ದೂರ ಐತಿ, ಬುದ್ಧಿ. ಮಾತು ಪೂರಾ ಬಾಯಿಗೆ ಬಂದಿಲ್ಲ. ಬರಿಗೈಯಾಗ ಹೋಗಿ ಆಕಿ ಮುಂದೆ ಏನಂತ ನಿಲ್ಲಲಿ?" ಎಂದು ಕೇಳಿದ.

ಗುರುಗಳು ಓಣಿಯ ತುದಿಯ ಕಡೆಗೆ ನೋಡಿದರು. ಅಲ್ಲಿ ಒಂದು ಬಾಗಿಲು ತೆರೆದಿತ್ತು.

"ಶಾಲು ಇಲ್ಲಿಡು, ಜೋಳಿಗೆ ತಗೋ."

ಕೊಟ್ರಯ್ಯ ಗೂಟದಿಂದ ಜೋಳಿಗೆ ತೆಗೆದುಕೊಂಡು ಓಣಿಯ ತುದಿಯ ಕಡೆಗೆ ಹೊರಟ.